ಉಷಃಕಾಲದ ಪಕ್ಷಿಗಾನ: ಮಲಪ್ರಭೆಯ ಸೀಮೆಯಿಂದ ಒಂದು ಸಮೀಕ್ಷೆ

ಚೈತ್ರ ವೈಶಾಖಗಳ ನಸುಕಿನಲ್ಲಿ, ಸೂರ್ಯೋದಯಕ್ಕೆ ಇನ್ನೂ ಎರಡು ಗಳಿಗೆ ಉಳಿದಿರುವಾಗ, ಊರ ಹೊರಗಿನ ಮಾವಿನ ತೋಪಿನಿಂದಲೂ ಹೊಲದ ಬದುವಿನ ಬೇವಿನಿಂದಲೂ ಒಂದರ ಬೆನ್ನಿಗೊಂದಾಗಿ ಹೊರಡುವ ಹಕ್ಕಿಗಳ ದನಿಗಳನ್ನು ಕೇಳಿ ಸಂತೋಷಪಡದವರು ವಿರಳ. ಆ ಸಂತೋಷಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಸ್ವಲ್ಪ ಮುಂಚೆ ಏಳುವ ಅಭ್ಯಾಸವಿದ್ದರೆ ಸಾಕು. ಆದರೆ ಅದರ ಹಿಂದಿರುವ ಪ್ರಶ್ನೆಗಳು ಅಷ್ಟು ಸುಲಭವಾದುವಲ್ಲ. ಹಕ್ಕಿ ಹಾಡುವುದೇಕೆ? ಹಗಲೆಲ್ಲ ಬಿದ್ದಿರುವಾಗ ನಸುಕನ್ನೇ ಅದು ಆರಿಸಿಕೊಳ್ಳುವುದೇಕೆ? ಋತುಗಳು ಆರಿದ್ದರೂ ವಸಂತದಲ್ಲಿಯೇ ಆ ಹಾಡು ಉಕ್ಕುವುದೆಂಬ ಮಾತು ಎಷ್ಟರಮಟ್ಟಿಗೆ ನಿಜ? ನಮಗಾಗಿ ಹಾಡದ ಆ ಹಾಡು ನಮಗೆ ಸುಖವನ್ನು ಕೊಡುವುದು ಹೇಗೆ?

ಈ ನಾಲ್ಕು ಪ್ರಶ್ನೆಗಳಿಗೆ ಕವಿಗಳೂ ಶಕುನಜ್ಞರೂ ಪಕ್ಷಿಶಾಸ್ತ್ರಜ್ಞರೂ ತತ್ತ್ವವಿಚಾರಕರೂ ಕೊಟ್ಟಿರುವ ಉತ್ತರಗಳನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಶೀತದೇಶಗಳಲ್ಲಿ ಹುಟ್ಟಿದ ಸಿದ್ಧಾಂತಗಳಿಗೂ, ರಾಜಾಸ್ಥಾನಗಳಲ್ಲಿ ಬೆಳೆದ ಕವಿಸಂಪ್ರದಾಯಕ್ಕೂ ಈ ನಾಡು ಒಂದು ಒಳ್ಳೆಯ ಒರೆಗಲ್ಲೆಂಬುದು ಮುಂದೆ ತಿಳಿದುಬರುವುದು.

ಒಂದು ನದಿ, ಎರಡು ಬಗೆಯ ನೆಲ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಮಲಪ್ರಭೆಯು, ಸವದತ್ತಿಯ ಬಳಿ ನವಿಲುತೀರ್ಥದ ಬೆಟ್ಟದ ಸಂದಿಯನ್ನು ಹಾದು ರಾಮದುರ್ಗದತ್ತ ಸಾಗುತ್ತದೆ. ಪಡುವಣ ಅಂಚಿನ ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಮರ ಹೆಚ್ಚು, ಮಾವಿನ ತೋಪುಗಳೂ ಕುರುಚಲು ಕಾಡೂ ಹತ್ತಿರ. ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲದ ಸುತ್ತ ಹತ್ತಿ ಜೋಳಗಳ ಎರೆಭೂಮಿ ಹರಡಿದೆ. ಬದುವಿನ ಜಾಲಿ ಬೇವುಗಳೇ ಅಲ್ಲಿ ಹಕ್ಕಿಗಳಿಗೆ ಆಶ್ರಯ. ರಟ್ಟರ ಕಾಲದಲ್ಲಿ ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯಲ್ಲಿಯೂ ರಾಮದುರ್ಗದಲ್ಲಿಯೂ ಮರಳುಗಲ್ಲಿನ ಗುಡ್ಡಗಳು, ಮುಳ್ಳುಗಿಡಗಳು, ಒಣಹುಲ್ಲಿನ ಬಯಲು. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆಲ್ಲ ಮಳೆ ಇಳಿಯುತ್ತದೆ, ಮರ ಗಿಡ್ಡಾಗುತ್ತದೆ, ಅದರೊಡನೆ ಹಾಡುವ ಕೊರಳುಗಳೂ ಬದಲಾಗುತ್ತವೆ.

ಕಿತ್ತೂರಿನ ಕಡೆಯ ತೋಪಿನಲ್ಲಿ ನಸುಕಿಗೆ ಮುನ್ನವೇ ಬಾಯಿ ತೆರೆಯುವವರೆಂದರೆ ಕಾಜಾಣ ಮತ್ತು ಮಡಿವಾಳ ಹಕ್ಕಿ. ಕೋಗಿಲೆಯಂತೂ ಆ ತಿಂಗಳುಗಳಲ್ಲಿ ರಾತ್ರಿಯನ್ನೂ ಲೆಕ್ಕಿಸುವುದಿಲ್ಲ. ಬೆಳಕು ಹರಿದಂತೆ ಪಿಕಳಾರ, ಸಿಂಪಿಗ, ಗೊರವಂಕಗಳು ಸೇರಿಕೊಳ್ಳುತ್ತವೆ. ಸೂರಕ್ಕಿ ಗುಬ್ಬಚ್ಚಿಗಳು ತುಸು ತಡವಾಗಿ ಬರುತ್ತವೆ. ಬಿಸಿಲು ಏರಿದ ಮೇಲೂ ಬಿಡದೆ ಕುಟ್ಟುವುದು ಕಂಚುಗಾರ ಹಕ್ಕಿ. ಸವದತ್ತಿ ರಾಮದುರ್ಗಗಳ ಕುರುಚಲಿನಲ್ಲಾದರೋ ಗೌಜಲಹಕ್ಕಿಯ ಜೋಡಿದನಿ, ಟಿಟ್ಟಿಭದ ಎಚ್ಚರಿಕೆ, ಕಲ್ಲುಬಂಡೆಯ ಮೇಲೆ ಬಾಲವೆತ್ತಿ ಕೂತ ಚಿಟ್ಟುಮಡಿವಾಳದ ಕಿರುಹಾಡು, ಬಯಲಿನಿಂದ ಮೇಲೇರಿ ಹಾಡುತ್ತ ಇಳಿಯುವ ನೆಲಗುಬ್ಬಿಗಳ ಸ್ವರ, ಇವೇ ಮುಖ್ಯ. ಒಂದೇ ಜಿಲ್ಲೆಯ ನಾಲ್ಕು ಊರುಗಳಲ್ಲಿ ಉಷಃಕಾಲದ ಮೇಳ ಒಂದೇ ಅಲ್ಲವೆಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಪೂರ್ವಿಕರ ಕಿವಿ: ಗಡಿಯಾರ, ಶಕುನ, ಕವಿಸಮಯ

ಪ್ರಾಚೀನರು ಈ ದನಿಗಳನ್ನು ಮೂರು ಬಗೆಯಾಗಿ ಕೇಳಿದರು. ಮೊದಲನೆಯದು ಕಾಲಸೂಚನೆ. ಉಷೆ ಮೂಡಿದೊಡನೆ ಹಕ್ಕಿಗಳು ಗೂಡು ಬಿಟ್ಟು ಹಾರುವುದನ್ನು ಋಗ್ವೇದದ ಸೂಕ್ತಗಳು ಹೇಳುತ್ತವೆ. ನಮ್ಮ ಹಳ್ಳಿಗಳಲ್ಲಿ ಮುಂಗೋಳಿಯ ಕೂಗಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರಿಗೂ, ಎತ್ತುಗಳಿಗೆ ಮೇವು ಹಾಕಿ ಹೊಲದ ಹಾದಿ ಹಿಡಿಯುವ ಒಕ್ಕಲಿಗನಿಗೂ ಹಕ್ಕಿಯ ದನಿಯೇ ಹೊತ್ತು ತಿಳಿಸುತ್ತಿದ್ದಿತು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ನಂಬಿದ ಮುದುಕಿಯ ಕಥೆಯನ್ನು ಹೇಳಿ ನಗುವ ಜನ, ಕೋಳಿಗೆ ಬೆಳಗು ಹೇಗೆ ಮೊದಲೇ ತಿಳಿಯಿತೆಂಬ ಪ್ರಶ್ನೆಯನ್ನು ಮಾತ್ರ ಹಾಗೆಯೇ ಬಿಟ್ಟರು.

ಎರಡನೆಯದು ಶಕುನ. ನಸುಕಿನಲ್ಲಿ ಮನೆಬಾಗಿಲಿಗೆ ಬಂದು ಹಾಲಕ್ಕಿಯು ನುಡಿಯಿತೆಂದು ಭವಿಷ್ಯ ಹೇಳುವ ಬುಡಬುಡಕಿಯವನು ಈ ನಂಬಿಕೆಯ ಜೀವಂತ ಪ್ರತಿನಿಧಿ. ಆ ಹಾಲಕ್ಕಿ ಚಿಕ್ಕ ಗೂಬೆಯ ಜಾತಿಗೆ ಸೇರಿದ್ದು. ಕ್ರಿ.ಶ. 1300ರ ಸುಮಾರಿನ ‘ರಟ್ಟಮತ’ವೆಂಬ ಕನ್ನಡ ಗ್ರಂಥವು ಮಳೆ, ಮಿಂಚು, ಭೂಕಂಪಗಳೊಡನೆ ಶಕುನಗಳನ್ನೂ ವಿವರಿಸುವುದರಿಂದ, ಇದು ಬರಿಯ ಪಾಮರರ ನಂಬಿಕೆಯಾಗಿರದೆ ಶಾಸ್ತ್ರದ ಸ್ಥಾನವನ್ನೂ ಪಡೆದಿದ್ದಿತೆಂದು ತಿಳಿಯಬಹುದು. ಶಕುನದ ಫಲವನ್ನು ನಾವು ನಂಬದಿರಬಹುದು. ಆದರೆ ಯಾವ ಹಕ್ಕಿ, ಯಾವ ದಿಕ್ಕು, ಯಾವ ಹೊತ್ತು ಎಂದು ಕಿವಿಗೊಟ್ಟು ಗುರುತಿಸುವ ಅಭ್ಯಾಸವನ್ನು ಬೆಳೆಸಿದವರು ಆ ಜನರೇ.

ಮೂರನೆಯದು ಕಾವ್ಯ. ಪಂಪನು ಬನವಾಸಿಯ ನಂದನವನದಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಹಂಬಲಿಸಿದನು. ಅಕ್ಕಮಹಾದೇವಿಯು ಗಿಳಿ ಕೋಗಿಲೆ ನವಿಲುಗಳನ್ನು ಕರೆದು ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದಳು. ಆದರೆ ವಸಂತಕ್ಕೂ ಪಕ್ಷಿಗಾನಕ್ಕೂ ಗಂಟುಹಾಕಿದ ನಿಯಮವು ಕವಿಸಮಯವೆಂಬ ಹೆಸರಿನಿಂದ ಬಂದಿದೆ. ಕ್ರಿ.ಶ. 900ರ ಆಸುಪಾಸಿನ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ, ಕೋಗಿಲೆಯು ಗ್ರೀಷ್ಮಾದಿ ಋತುಗಳಲ್ಲಿಯೂ ಕೂಗುವುದಾದರೂ ಕವಿಗಳು ಅದನ್ನು ವಸಂತದಲ್ಲಿ ಮಾತ್ರವೇ ವರ್ಣಿಸಬೇಕೆಂದೂ, ನವಿಲಿನ ಕೇಕೆ ಕುಣಿತಗಳನ್ನು ಮಳೆಗಾಲಕ್ಕೇ ಮೀಸಲಿಡಬೇಕೆಂದೂ ಸ್ಪಷ್ಟವಾಗಿ ಹೇಳಿರುವನು. ಕನ್ನಡದಲ್ಲಿ ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ದ ಕೊನೆಯ ಭಾಗವೂ ಕವಿಸಮಯಕ್ಕೆ ಮೀಸಲಾಗಿದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ನಿಯಮವನ್ನು ಕಟ್ಟಿದವರಿಗೆ ಲೋಕದ ನಿಜ ತಿಳಿಯದೆ ಇರಲಿಲ್ಲ. ತಿಳಿದೂ ಅವರು ಕಾವ್ಯಲೋಕಕ್ಕೆ ಬೇರೊಂದು ಪಂಚಾಂಗವನ್ನು ರಚಿಸಿಕೊಂಡರು. ಆ ಪಂಚಾಂಗವನ್ನೇ ಪ್ರಕೃತಿಯ ಪಂಚಾಂಗವೆಂದು ತಿಳಿದುಕೊಂಡ ತಪ್ಪು ಓದುಗರದು.

ಪಕ್ಷಿಶಾಸ್ತ್ರದ ಹಾದಿ

ಯುರೋಪಿನಲ್ಲಿ ಈ ವಿಚಾರವು ಪ್ರಯೋಗದ ಕಕ್ಷೆಗೆ ಬಂದುದು ಹದಿನೆಂಟನೆಯ ಶತಮಾನದಲ್ಲಿ. 1773ರಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ಆಂಗ್ಲ ವಿದ್ವಾಂಸನು, ಒಂದು ಜಾತಿಯ ಮರಿಯನ್ನು ಬೇರೊಂದು ಜಾತಿಯ ಹಕ್ಕಿಯ ಬಳಿ ಸಾಕಿದರೆ ಅದು ಸಾಕುತಾಯಿಯ ಕುಲದ ಹಾಡನ್ನೇ ಕಲಿಯುವುದೆಂದು ತೋರಿಸಿ, ಹಾಡು ಹುಟ್ಟುಗುಣ ಮಾತ್ರವಲ್ಲ, ಕಲಿಕೆಯೂ ಹೌದೆಂಬುದನ್ನು ಸ್ಥಾಪಿಸಿದನು. 1871ರಲ್ಲಿ ಡಾರ್ವಿನ್ನನು, ಗಂಡು ಹಾಡುವುದು ಹೆಣ್ಣಿನ ಆಯ್ಕೆಗೆ ಪಾತ್ರನಾಗಲೆಂದೂ, ಆ ಆಯ್ಕೆಯಲ್ಲಿ ಹೆಣ್ಣುಹಕ್ಕಿಯ ಸೌಂದರ್ಯಪ್ರಜ್ಞೆಯೇ ಕೆಲಸಮಾಡುವುದೆಂದೂ ವಾದಿಸಿದನು. 1920ರಲ್ಲಿ ಎಲಿಯಟ್ ಹೋವರ್ಡನು ಈ ವಾದಕ್ಕೆ ಎದುರಾಗಿ ನೆಲದ ಹಕ್ಕನ್ನು ಮುಂದಿಟ್ಟನು: ಗಂಡುಹಕ್ಕಿ ಮೊದಲು ಒಂದು ಸೀಮೆಯನ್ನು ಹಿಡಿಯುತ್ತದೆ, ಹಾಡು ಆ ಸೀಮೆಯ ಗಡಿಗಲ್ಲು.

ನಮ್ಮ ನಾಡಿನ ದಾಖಲೆಯೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಗಿದೆ. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮನು ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಎಂಬ ಪಕ್ಷಿಪತ್ರಿಕೆಯಲ್ಲಿ, 1881ರಲ್ಲಿ, ಇ. ಎ. ಬಟ್ಲರ್ ಎಂಬ ಸೇನಾಧಿಕಾರಿಯು ದಖ್ಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದನು. ಬೆಳಗಾವಿಯ ಪ್ರದೇಶವು ಆ ಸೀಮೆಗೆ ಸೇರಿದ್ದಿತು. 1941ರಲ್ಲಿ ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂದ ಮೇಲೆ ಹಕ್ಕಿಯನ್ನು ಗುರುತಿಸುವ ವಿದ್ಯೆ ಸಾಮಾನ್ಯ ಓದುಗರಿಗೂ ಎಟುಕಿತು. ಆದರೆ ಈ ಗ್ರಂಥಗಳ ಮುಖ್ಯ ಉದ್ದೇಶ ಹಕ್ಕಿಗಳ ರೂಪ, ವಾಸ, ಗೂಡುಗಳನ್ನು ತಿಳಿಸುವುದೇ ಹೊರತು ನಸುಕಿನ ಮೇಳವನ್ನು ಅಳೆಯುವುದಾಗಿರಲಿಲ್ಲ.

ನಸುಕಿನಲ್ಲಿಯೇ ಏಕೆ?

1996ರಲ್ಲಿ ಸ್ಟೈಸರ್, ಸ್ಪೆಕ್ಟರ್, ಹಾರ್ನ್ ಎಂಬ ಮೂವರು ವಿದ್ವಾಂಸರು ಈ ಪ್ರಶ್ನೆಗೆ ಅದುವರೆಗೆ ಬಂದ ಉತ್ತರಗಳನ್ನು ಒಟ್ಟುಗೂಡಿಸಿದಾಗ ಹನ್ನೆರಡು ಊಹೆಗಳು ದೊರೆತುವು. ಅವುಗಳನ್ನು ಪರಿಸರಕ್ಕೆ ಸಂಬಂಧಿಸಿದವು, ಹಕ್ಕಿಯ ಸಮಾಜಕ್ಕೆ ಸಂಬಂಧಿಸಿದವು, ದೇಹದ ಒಳಗಿನವು ಎಂದು ಮೂರು ಪಂಥಗಳಾಗಿ ನೋಡಬಹುದು.

ಪರಿಸರಪಂಥದವರಲ್ಲಿ ಎರಡು ವಾದಗಳಿವೆ. ನಸುಕಿನಲ್ಲಿ ಗಾಳಿ ಸ್ತಬ್ಧ, ಸದ್ದುಗದ್ದಲ ಕಡಿಮೆ, ಆದುದರಿಂದ ದನಿ ದೂರ ಹೋಗುವುದು ಎಂಬುದು ಒಂದು. 1979ರಲ್ಲಿ ಹೆನ್‌ವುಡ್ ಮತ್ತು ಫ್ಯಾಬ್ರಿಕ್ ಎಂಬುವರು ನಸುಕಿನ ಹಾಡು ನಡುಹಗಲಿನದಕ್ಕಿಂತ ಇಪ್ಪತ್ತು ಪಟ್ಟು ಪರಿಣಾಮಕಾರಿಯಾಗಬಲ್ಲುದೆಂದು ಲೆಕ್ಕ ಹಾಕಿದರು. ಮುಂದೆ, 2003ರಲ್ಲಿ, ಬ್ರೌನ್ ಮತ್ತು ಹ್ಯಾಂಡ್‌ಫರ್ಡ್ ಎಂಬುವರ ಅಳತೆಗಳಿಂದ, ನಸುಕಿನಲ್ಲಿ ದನಿಯು ಸರಾಸರಿಯಲ್ಲಿ ಹೆಚ್ಚು ದೂರ ಹೋಗದಿದ್ದರೂ ಹೆಚ್ಚು ಏಕರೂಪವಾಗಿ, ನಂಬುವಂತೆ ತಲಪುತ್ತದೆಂದು ತಿಳಿದುಬಂದಿತು. ಎರಡನೆಯ ವಾದವು ಹೊಟ್ಟೆಪಾಡಿನದು: ಮಬ್ಬು ಬೆಳಕಿನಲ್ಲಿ ಹುಳು ಕಾಣದು, ಬೇಟೆಗೆ ಬಾರದ ಹೊತ್ತನ್ನು ಹಕ್ಕಿ ಹಾಡಿಗೆ ಕೊಡುತ್ತದೆ. ಆಕ್ಸ್‌ಫರ್ಡಿನಲ್ಲಿ ಕಾಸೆಲ್ನಿಕ್ ನಡೆಸಿದ ಪ್ರಯೋಗಗಳು ಮಂದ ಬೆಳಕಿನಲ್ಲಿ ಆಹಾರದ ಗಳಿಕೆ ಕುಂದುವುದನ್ನು ತೋರಿಸಿವೆ. ಇದಕ್ಕೆ ಹೊಂದುವ ಇನ್ನೊಂದು ಸಂಗತಿ 2002ರಲ್ಲಿ ಬ್ರಿಟನ್ನಿನ ವಿದ್ವಾಂಸರಿಂದ ಹೊರಬಿದ್ದಿತು. ದೊಡ್ಡ ಕಣ್ಣಿನ ಜಾತಿಗಳು ಚಿಕ್ಕ ಕಣ್ಣಿನ ಜಾತಿಗಳಿಗಿಂತ ಮುಂಚೆ ಹಾಡತೊಡಗುತ್ತವೆ. ಮೇಳಕ್ಕೆ ಒಂದು ಅನುಕ್ರಮವಿರುವುದೇಕೆಂಬುದನ್ನು ಈ ವಾದವು ಚೆನ್ನಾಗಿ ವಿವರಿಸುತ್ತದೆ.

ಸಮಾಜಪಂಥವು ಹೋವರ್ಡ್ ಹಾಗೂ ಡಾರ್ವಿನ್ನರ ವಾದಗಳ ಮುಂದುವರಿಕೆ. 1977ರಲ್ಲಿ ಪ್ರಕಟವಾದ ಜಾನ್ ಕ್ರೆಬ್ಸನ ಪ್ರಯೋಗ ಪ್ರಸಿದ್ಧವಾದುದು: ಆಕ್ಸ್‌ಫರ್ಡಿನ ಕಾಡೊಂದರಿಂದ ಒಂದು ಜಾತಿಯ ಗಂಡುಹಕ್ಕಿಗಳನ್ನು ತೆಗೆದು, ಕೆಲವು ಜಾಗಗಳಲ್ಲಿ ಧ್ವನಿವರ್ಧಕದಿಂದ ಅವುಗಳ ಹಾಡನ್ನೇ ಹಾಕಿದಾಗ, ಹಾಡಿದ್ದ ಜಾಗಗಳನ್ನು ಹೊಸ ಹಕ್ಕಿಗಳು ತಡವಾಗಿ ಆಕ್ರಮಿಸಿದವು. ರಾತ್ರಿಯಲ್ಲಿ ನೆರೆಯವನು ಸತ್ತಿರಬಹುದು, ಗಡಿ ತೆರೆದಿರಬಹುದು. ಆದುದರಿಂದ ನಾನಿನ್ನೂ ಇದ್ದೇನೆಂದು ಪ್ರತಿದಿನವೂ ಮೊದಲ ಬೆಳಕಿನಲ್ಲಿಯೇ ಸಾರುವುದು ಅವಶ್ಯ. 1987ರಲ್ಲಿ ರೂತ್ ಮೇಸ್ ಅವರು ಅದೇ ಜಾತಿಯ ಗಂಡು ತನ್ನ ಹೆಣ್ಣು ಮೊಟ್ಟೆಯಿಡುವ ದಿನಗಳಲ್ಲಿಯೇ ನಸುಕಿನ ಹಾಡನ್ನು ತೀವ್ರಗೊಳಿಸುವುದೆಂದು ತೋರಿಸಿದುದರಿಂದ, ಒಂದೇ ಹಾಡು ನೆರೆಯವನಿಗೆ ಬೆದರಿಕೆಯಾಗಿಯೂ ಸಂಗಾತಿಗೆ ಆಹ್ವಾನವಾಗಿಯೂ ಸಲ್ಲಬಹುದೆಂಬುದು ಖಚಿತವಾಯಿತು.

ಮೂರನೆಯ ಪಂಥ ದೇಹದ ಒಳಗಡಿಯಾರದ್ದು. 2013ರಲ್ಲಿ ಜಪಾನಿನ ಶಿಮ್ಮುರ ಮತ್ತು ಯೋಶಿಮುರ ಎಂಬುವರು, ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಬೆಳಗಿನ ಸಮಯಕ್ಕೆ ತಕ್ಕಂತೆ ಕೂಗುವುದನ್ನು ಕಂಡು, ಕೂಗಿನ ಕಾಲವನ್ನು ನಿರ್ಧರಿಸುವುದು ಹೊರಗಿನ ಬೆಳಕಲ್ಲ, ಒಳಗಿನ ಲಯವೆಂದು ಸಾಧಿಸಿ ತೋರಿಸಿದರು. ಗುಂಪಿನಲ್ಲಿ ಮೊದಲು ಕೂಗುವ ಅಧಿಕಾರ ಅತ್ಯುನ್ನತ ಸ್ಥಾನದ ಹುಂಜನದೆಂಬುದೂ 2015ರಲ್ಲಿ ತಿಳಿದುಬಂದಿತು. ಮುದುಕಿಯ ಕಥೆ ಬಿಟ್ಟುಹೋದ ಪ್ರಶ್ನೆಗೆ ಇದು ಉತ್ತರ.

ಈ ಮೂರು ಪಂಥಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ. ಒಳಗಡಿಯಾರವು ಎಚ್ಚರಿಸುವ ಬಗೆಯನ್ನು ಹೇಳುತ್ತದೆ, ಪರಿಸರವು ಅನುಕೂಲವನ್ನು ಹೇಳುತ್ತದೆ, ಸಮಾಜವು ಪ್ರಯೋಜನವನ್ನು ಹೇಳುತ್ತದೆ. ಜಗಳ ಹುಟ್ಟುವುದು ಒಂದೇ ಕಾರಣವನ್ನು ಎಲ್ಲ ಜಾತಿಗಳಿಗೂ ಎಲ್ಲ ದೇಶಗಳಿಗೂ ಅನ್ವಯಿಸಹೊರಟಾಗ.

ವಸಂತದಲ್ಲಿಯೇ ಏಕೆ?

ಇಲ್ಲಿಯೇ ನಮ್ಮ ಸೀಮೆಯ ಸಾಕ್ಷ್ಯ ಬೇಕಾಗುವುದು. ಲಂಡನ್ನಿನಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯದು ಹದಿನಾರು ಗಂಟೆಗೂ ಹೆಚ್ಚು. ಹಗಲು ಉದ್ದವಾಗುವುದೇ ಅಲ್ಲಿನ ಹಕ್ಕಿಗೆ ಋತುವಿನ ಕರೆ. ಸುಮಾರು ಹದಿನಾರು ಡಿಗ್ರಿ ಉತ್ತರ ಅಕ್ಷಾಂಶದ ಸವದತ್ತಿಯಲ್ಲಾದರೋ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಎರಡು ಗಂಟೆಯೊಳಗೆ. ಸಂಧ್ಯಾಪ್ರಕಾಶವೂ ಇಲ್ಲಿ ಬೇಗನೆ ಮುಗಿಯುವುದರಿಂದ, ಉತ್ತರದ ದೇಶಗಳಲ್ಲಿ ನಿಧಾನವಾಗಿ ಕಟ್ಟಿಕೊಳ್ಳುವ ಮೇಳ ಇಲ್ಲಿ ಅಲ್ಪ ಅವಧಿಯಲ್ಲಿ ಒತ್ತೊತ್ತಾಗಿ ನಡೆದುಹೋಗುತ್ತದೆ. ಹೀಗಿರುವಲ್ಲಿ ಹಗಲಿನ ಉದ್ದದ ಜೊತೆಗೆ ಆಹಾರವೂ ಮಳೆಯೂ ಋತುವನ್ನು ಸೂಚಿಸುವುದು ಸಹಜ.

ಕಿತ್ತೂರಿನ ತೋಪುಗಳಲ್ಲಿ ವಸಂತವು ನಿಜವಾಗಿಯೂ ಗಾನಕಾಲ. ಮುತ್ತುಗ ಹೂಬಿಟ್ಟು, ಹೊಂಗೆ ಚಿಗುರಿ, ಬೇವು ಅರಳುವ ಆ ತಿಂಗಳುಗಳಲ್ಲಿ ಮಡಿವಾಳವೂ ಪಿಕಳಾರವೂ ಗೂಡು ಕಟ್ಟುತ್ತವೆ, ಹಾಡುತ್ತವೆ. ಆದರೆ ಎರೆಭೂಮಿಯ ಗೀಜಗ, ಕಬ್ಬು ಜೋಳಗಳ ನಡುವಿನ ಉಲಿಯಕ್ಕಿ, ನವಿಲುತೀರ್ಥದ ಬೆಟ್ಟದ ನವಿಲು, ಕಾವ್ಯದ ಚಾತಕ ಇವುಗಳ ಭರದ ಕಾಲ ಮೃಗಶಿರೆಯ ಮಳೆಯಿಂದ ಆಚೆಗೆ. ಹುಲ್ಲು ಎದ್ದು ಹುಳುಗಳು ಹುಟ್ಟಿದ ಮೇಲಲ್ಲದೆ ಮರಿಗಳನ್ನು ಸಾಕುವುದು ಅವುಗಳಲ್ಲಿ ಹಲವಕ್ಕೆ ಸಾಧ್ಯವಿಲ್ಲ. ಆದುದರಿಂದ ತೋಪಿಗೆ ಚೈತ್ರ ಗಾನಕಾಲವಾದರೆ ಬಯಲಿನ ಬಹುಭಾಗಕ್ಕೆ ಮುಂಗಾರು ಗಾನಕಾಲ; ಈ ಸೀಮೆಯಲ್ಲಿ ಉಷಃಕಾಲದ ಮೇಳಗಳು ಎರಡು.

ಇನ್ನು ಕೋಗಿಲೆಯ ವಿಚಾರವೇ ಬೇರೆ. ಅದು ಗೂಡು ಕಟ್ಟದು. ಅದರ ಮೊಟ್ಟೆಗಳು ಹೆಚ್ಚಾಗಿ ಕಾಗೆಯ ಗೂಡಿನಲ್ಲಿ. ಕಾಗೆಯು ಮಳೆಗೆ ಮುನ್ನ ಬೇಸಿಗೆಯಲ್ಲಿ ಗೂಡು ಕಟ್ಟುವುದರಿಂದ ಕೋಗಿಲೆಯೂ ಆಗಲೇ ಕೂಗಬೇಕು. ಕವಿಗಳು ವಸಂತನ ದೂತನೆಂದು ಹೊಗಳಿದ ಹಕ್ಕಿಯ ದಿನಚರಿಯನ್ನು ಅವರೇ ಹಳಿದ ಕಾಗೆ ನಿರ್ಧರಿಸುತ್ತದೆಯೆಂಬುದು ಪ್ರಕೃತಿಯ ಒಂದು ವಿನೋದ. ಅಲ್ಲದೆ ಎದೆತುಂಬಿ ಕೂಗುವುದು ಕೆಂಗಣ್ಣಿನ ಕರಿಯ ಗಂಡು. ಚುಕ್ಕೆಗಳ ಹೆಣ್ಣು ಕಿಕ್ಕಿಕ್ಕೆಂದು ಚೀರುವುದಷ್ಟೇ. ಆದರೆ ಹಾಡು ಗಂಡಿಗೇ ಮೀಸಲೆಂಬ ಹಳೆಯ ನಿರ್ಣಯವೂ ಈಗ ಸಡಿಲವಾಗಿದೆ. 2014ರ ಒಂದು ದೊಡ್ಡ ಅಧ್ಯಯನದಲ್ಲಿ, ಪರಿಶೀಲಿಸಿದ ಗಾಯಕಪಕ್ಷಿ ಜಾತಿಗಳ ಪೈಕಿ ನೂರಕ್ಕೆ 71ರಲ್ಲಿ ಹೆಣ್ಣೂ ಹಾಡುವುದೆಂದು ಕಂಡುಬಂದಿದೆ. ಹೆಣ್ಣಿನ ಹಾಡು ಉಷ್ಣದೇಶಗಳಲ್ಲಿ ಹೆಚ್ಚು. ಶೀತದೇಶಗಳನ್ನೇ ನೋಡಿ ಸೂತ್ರ ಕಟ್ಟಿದವರ ಕಿವಿಗೆ ಅದು ಬಹುಕಾಲ ಬೀಳಲಿಲ್ಲ.

ಆನಂದದ ಮೂಲ

ಹಾಡು ಬೆದರಿಕೆಯೂ ಆಹ್ವಾನವೂ ಆಗಿದ್ದರೆ ನಮಗೇಕೆ ಆನಂದ? ನಮ್ಮ ಆಲಂಕಾರಿಕರ ಉತ್ತರ ಸಿದ್ಧವಾಗಿದ್ದಿತು: ಕೋಗಿಲೆಯ ದನಿ ಶೃಂಗಾರಕ್ಕೆ ಉದ್ದೀಪನವಿಭಾವ, ಅದು ಸುಖಿಯನ್ನು ಸುಖಪಡಿಸುವುದು, ವಿರಹಿಯನ್ನು ಸುಡುವುದು. ಸಂಗೀತಶಾಸ್ತ್ರವು ನವಿಲಿಗೆ ಷಡ್ಜವನ್ನೂ ಕೋಗಿಲೆಗೆ ಪಂಚಮವನ್ನೂ ಕೊಟ್ಟು, ಮನುಷ್ಯನ ಸಂಗೀತಕ್ಕೂ ಪಕ್ಷಿಯ ದನಿಗೂ ನೆಂಟಸ್ತಿಕೆ ಕಲ್ಪಿಸಿತು. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು ವರ್ಷ, ಹೇಮಂತ, ವಸಂತಗಳಿಗೆ ಬೇರೆ ಬೇರೆ ಗೀತಮಾಲೆಗಳನ್ನು ಹಾಡಿದುದು ಋತುವನ್ನು ಸ್ವರದಲ್ಲಿ ಕಾಣುವ ಅದೇ ಪರಂಪರೆಯ ಫಲ. ಧಾರವಾಡದ ಬೇಂದ್ರೆಯವರಾದರೋ ‘ಬೆಳಗು’ ಕವಿತೆಯಲ್ಲಿ ಹಕ್ಕಿಗಳ ಹಾಡನ್ನು ಬೆಳಕು ಗಾಳಿ ಇಬ್ಬನಿಗಳೊಡನೆ ಒಂದೇ ಅನುಭವವಾಗಿ ಬೆರೆಸಿ, ಶೃಂಗಾರದ ಹಳೆಯ ದಾರಿಯನ್ನು ಬಿಟ್ಟು ಶಾಂತರಸದ ಕಡೆಗೆ ನಡೆಸಿದರು. ಒಂದೇ ದನಿ ಎರಡು ರಸಗಳಿಗೆ ಎಡೆಗೊಡುವುದಾದರೆ ಆನಂದದ ಅರ್ಧಾಂಶ ಕೇಳುವವನ ಸಂಸ್ಕಾರದಲ್ಲಿದೆ ಎಂದಾಯಿತು.

ಪಶ್ಚಿಮದಲ್ಲಿ ಕಾಂಟನು 1790ರ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿದನು: ನೈಟಿಂಗೇಲ್ ಹಕ್ಕಿಯ ಹಾಡೆಂದು ಮೆಚ್ಚಿ ಕೇಳುತ್ತಿದ್ದವರಿಗೆ ಅದು ಪೊದೆಯಲ್ಲಡಗಿದ ಹುಡುಗನೊಬ್ಬನ ಊದುಗೊಳವಿಯ ಅನುಕರಣವೆಂದು ತಿಳಿದರೆ, ದನಿ ಅದೇ ಆದರೂ ಆಸಕ್ತಿ ಹಾರಿಹೋಗುವುದು. ಅಂದರೆ ನಾವು ಮೆಚ್ಚುವುದು ಸ್ವರವನ್ನು ಮಾತ್ರವಲ್ಲ, ಅದು ಪ್ರಕೃತಿಯಿಂದ ಬಂದುದೆಂಬ ತಿಳಿವನ್ನೂ. 1973ರಲ್ಲಿ ಚಾರ್ಲ್ಸ್ ಹಾರ್ಟ್‌ಶೋರ್ನ್ ಎಂಬ ತತ್ತ್ವಜ್ಞನು ಇನ್ನೂ ಮುಂದೆ ಹೋಗಿ, ಹಕ್ಕಿಯೂ ತನ್ನ ಹಾಡನ್ನು ಸವಿಯುವುದೆಂದು ವಾದಿಸಿದನು. ಇದಕ್ಕೆ ಭಿನ್ನವಾಗಿ ಇಂದಿನ ಮನೋವಿಜ್ಞಾನ ಕೇಳುವವನ ಚಿತ್ತವನ್ನಷ್ಟೇ ಅಳೆಯುತ್ತದೆ: 2022ರಲ್ಲಿ ಜರ್ಮನಿಯ ವಿದ್ವಾಂಸರು 295 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ಆರು ನಿಮಿಷಗಳ ಪಕ್ಷಿಗಾನವೂ ಮನಸ್ಸಿನ ಆತಂಕವನ್ನು ತಗ್ಗಿಸಿತು. ಅಲ್ಲಿ ಕೇಳಿಸಿದುದು ಧ್ವನಿಮುದ್ರಿಕೆ. ಕಾಂಟನ ಮಾತಿಗೆ ಇದು ಪೂರ್ತಿ ಒಗ್ಗುವುದಿಲ್ಲ.

ಇನ್ನೂ ತೀರದ ಪ್ರಶ್ನೆಗಳು

ತೀರ್ಮಾನವಾದುದಿಷ್ಟು: ಪಕ್ಷಿಗಾನಕ್ಕೆ ಒಂದೇ ಕಾರಣವಿಲ್ಲ, ವಸಂತಕ್ಕೆ ಅದರ ಏಕಸ್ವಾಮ್ಯವಿಲ್ಲ. ತೀರದೆ ಉಳಿದುವು ಹಲವು. ಅಲ್ಪಕಾಲದ ಸಂಧ್ಯೆಯುಳ್ಳ ಉಷ್ಣದೇಶದಲ್ಲಿ ಬೆಳಕಿನ ವಾದಕ್ಕೂ ದನಿಯ ವಾದಕ್ಕೂ ಎಷ್ಟು ಬಲವಿದೆ? ವರ್ಷವಿಡೀ ಸೀಮೆಯನ್ನು ಕಾಯುವ ಹಕ್ಕಿಗೆ ಒಂದು ಋತುವಿನಲ್ಲಿ ಮಾತ್ರ ಉತ್ಸಾಹ ಏರುವುದೇಕೆ? ಗೂಡೇ ಇಲ್ಲದ ಕೋಗಿಲೆಯ ಕೂಗನ್ನು ಗಡಿಯ ವಾದ ಎಷ್ಟು ವಿವರಿಸೀತು? ಹರಿದ್ವಾರದಲ್ಲಿ ದಿನೇಶ್ ಭಟ್, ಅನಿಲ್ ಕುಮಾರ್ ಮೊದಲಾದ ವಿದ್ವಾಂಸರು ಮಡಿವಾಳ ಹಕ್ಕಿಯ ಹಾಡನ್ನು ಅಭ್ಯಾಸಮಾಡಿದ್ದಾರೆ. ಅಂಥ ಅಭ್ಯಾಸ ದಖ್ಖನ್ನಿನ ಕುರುಚಲಿನ ಹಕ್ಕಿಗಳಿಗೂ ವಿಸ್ತರಿಸಬೇಕು.

ಇದರೊಡನೆ ಸೀಮೆಯೂ ಬದಲಾಗುತ್ತಿದೆ. ನವಿಲುತೀರ್ಥದ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿದು ಒಣಹೊಲಗಳು ನೀರಾವರಿಯಾದುವು. ಕಿತ್ತೂರಿನ ಮಗ್ಗುಲಲ್ಲಿ ಪುಣೆ ಬೆಂಗಳೂರು ಹೆದ್ದಾರಿ ಇರುಳೆಲ್ಲ ಗರ್ಜಿಸುತ್ತದೆ. ಬೀದಿದೀಪಗಳು ಊರಿಗೆ ರಾತ್ರಿಯನ್ನೇ ಇಲ್ಲವಾಗಿಸುತ್ತಿವೆ. ವಾಹನಗಳ ಸದ್ದಿರುವಲ್ಲಿ ಹಕ್ಕಿಗಳು ಸ್ವರವನ್ನು ಏರಿಸುವುದನ್ನು 2003ರಲ್ಲಿ ಹಾಲೆಂಡಿನ ಲೇಡನ್ ನಗರದಲ್ಲಿಯೂ, ದೀಪಗಳ ಬಳಿ ಕೆಲವು ಜಾತಿಗಳು ಅಕಾಲದಲ್ಲಿ ಹಾಡತೊಡಗುವುದನ್ನು ಬೇರೆ ಕಡೆಗಳಲ್ಲಿಯೂ ಕಂಡಿದ್ದಾರೆ. 2023ರ ಭಾರತೀಯ ಪಕ್ಷಿಗಳ ಸ್ಥಿತಿಗತಿಯ ವರದಿಯು ಕೋಗಿಲೆ ನವಿಲುಗಳು ದೇಶದಲ್ಲಿ ಹೆಚ್ಚುತ್ತಿವೆಯೆಂದು ಹೇಳುವುದರ ಜೊತೆಗೆ 178 ಜಾತಿಗಳನ್ನು ವಿಶೇಷ ಕಾಳಜಿಗೆ ಅರ್ಹವೆಂದು ಗುರುತಿಸಿದೆ. ತೆರೆದ ಹುಲ್ಲುಗಾವಲಿನ ಹಕ್ಕಿಗಳ ಇಳಿಮುಖವನ್ನೂ ಎತ್ತಿತೋರಿಸಿದೆ. ಕವಿಗಳು ಹಾಡಿಹೊಗಳಿದ ಹಕ್ಕಿಗಳು ಉಳಿದು, ಹೆಸರಿಲ್ಲದ ಬಯಲಹಕ್ಕಿಗಳು ಅಳಿದರೆ, ಎರಡು ಮೇಳಗಳಲ್ಲಿ ಒಂದನ್ನು ನಾವು ಅರಿಯುವ ಮೊದಲೇ ಕಳೆದುಕೊಂಡಂತಾಗುವುದು.

ಆದುದರಿಂದ ಈ ಸೀಮೆಯ ಶಿಕ್ಷಕರಲ್ಲಿಯೂ ರೈತರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಚೈತ್ರದಲ್ಲಿ ಒಂದು ವಾರ, ಮೊದಲ ಮಳೆಯ ಬಳಿಕ ಒಂದು ವಾರ, ಒಂದೇ ಸ್ಥಳದಲ್ಲಿ ನಿಂತು, ಯಾವ ಹಕ್ಕಿ ಎಷ್ಟು ಹೊತ್ತಿಗೆ ಮೊದಲು ಹಾಡಿತು, ಯಾವ ಮರದಿಂದ ಹಾಡಿತು, ಯಾವುದು ತಡವಾಗಿ ಬಂದಿತು ಎಂದು ಬರೆದಿಡಿರಿ. ಯಂತ್ರ ಬೇಡ; ಗಡಿಯಾರ, ಪುಸ್ತಕ, ತಾಳ್ಮೆ ಇದ್ದರೆ ಸಾಕು. ಕಿತ್ತೂರಿನ ಪುಟವನ್ನು ರಾಮದುರ್ಗದ ಪುಟದ ಪಕ್ಕದಲ್ಲಿಟ್ಟು ಓದುವಂತಾದ ದಿನ, ಆಕ್ಸ್‌ಫರ್ಡಿನ ಕಾಡಿನಿಂದ ಹುಟ್ಟಿದ ಸಿದ್ಧಾಂತಗಳಿಗೆ ಮಲಪ್ರಭೆಯ ದಂಡೆಯಿಂದ ಸಮರ್ಥನೆಯಾಗಲಿ ತಿದ್ದುಪಡಿಯಾಗಲಿ ದೊರೆಯುವುದು.